ಕಾಯಕದ ಗಳಿಕೆಯೂ ನಾಳಿನ ಭದ್ರತೆಯೂ

ಗೃಹಸ್ಥನು ಮಕ್ಕಳಿಗೆ ವಿದ್ಯೆ ಕೊಡಿಸುತ್ತಾನೆ, ವಿವಾಹ ಮಾಡಿಸುತ್ತಾನೆ. ಆದರೆ ಸಂಪಾದನೆಗೆ ತೊಡಗಿದ ಮಗನಿಗಾಗಲಿ ಮಗಳಿಗಾಗಲಿ, ಗಳಿಸಿದುದನ್ನು ಕಾಪಾಡಿಕೊಳ್ಳುವ ಬಗೆಯನ್ನು ತಿಳಿಸುವವರು ವಿರಳ. ಹಣದ ಮಾತು ಕೀಳೆಂಬ ಸಂಕೋಚ ಕೆಲವರಿಗೆ. ಬೆಳೆದ ಮಕ್ಕಳು ಕೇಳಲಾರರೆಂಬ ನಿರಾಶೆ ಹಲವರಿಗೆ. ಈ ಮೌನದ ಫಲವನ್ನು ಕಡೆಗೆ ಎರಡು ತಲೆಮಾರಿನವರೂ ಉಣ್ಣಬೇಕಾಗುತ್ತದೆ.

ಇಲ್ಲಿ ಭಕ್ತರಿಗೊಂದು ಶಂಕೆ ಸಹಜ. ನಾಳೆಗೆಂದು ಕೂಡಿಡುವ ಆಸೆಯನ್ನು ಶರಣರು ನಿಷ್ಠುರವಾಗಿ ನಿರಾಕರಿಸಿದರಲ್ಲವೆ? ಅಕ್ಕಿ ಆಯುವ ಕಾಯಕದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಸಂಗತಿ ಪ್ರಸಿದ್ಧವಾದುದು. ಹೀಗಿರಲು ಮಕ್ಕಳಿಗೆ ಉಳಿತಾಯವನ್ನು ಬೋಧಿಸುವುದು ಶರಣಮಾರ್ಗಕ್ಕೆ ವಿರೋಧವಾಗದೆ?

ಈ ಶಂಕೆ ಲಘುವಾದುದಲ್ಲ. ಆದರೆ ಲಕ್ಕಮ್ಮನು ತಡೆದುದು ಆಸೆಯನ್ನು. ಆ ದಂಪತಿಗಳು ದಿನದ ಕಾಯಕದಿಂದ ದಿನದ ದಾಸೋಹವನ್ನು ನಡೆಸಿದರೇ ಹೊರತು ಅನ್ಯರಿಗೆ ಕೈಯೊಡ್ಡಲಿಲ್ಲ. ಇಂದಿನ ನೌಕರಿಗೆ ಅರುವತ್ತರ ಸುಮಾರಿಗೆ ನಿವೃತ್ತಿಯುಂಟು. ಹಸಿವಿಗೂ ರೋಗಕ್ಕೂ ನಿವೃತ್ತಿಯಿಲ್ಲ. ಕೈಲಾಗದ ದಿನಗಳಲ್ಲಿ ಪರರಿಗೆ ಭಾರವಾಗದಿರಲೆಂದು ಸ್ವಂತ ದುಡಿಮೆಯಿಂದ ತೆಗೆದಿರಿಸಿದುದು ಆ ದಿನಗಳ ಅನ್ನವೇ ಆಗಿದೆ. ಮೇರೆ ಮೀರಿದರೆ ಅದೇ ಲೋಭ. ಆದುದರಿಂದ ಮೊದಲು ದಾಸೋಹದ ಪಾಲು, ಬಳಿಕ ಉಳಿತಾಯ, ಮಿಕ್ಕುದರಲ್ಲಿ ಸಂಸಾರದ ಖರ್ಚು ಎಂಬ ಕ್ರಮವೇ ಮಕ್ಕಳಿಗೆ ಹೇಳಬೇಕಾದ ಮೊದಲ ಪಾಠ.

ಇಂದು ಈ ಪಾಠದ ಅವಶ್ಯಕತೆ ಹೆಚ್ಚಿದೆ. 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಸೇವೆಗೆ ಹೊಸದಾಗಿ ಸೇರುವವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಪಿಂಚಣಿ ಪದ್ಧತಿ ಜಾರಿಗೆ ಬಂದಿತು. ಖಾಸಗಿ ನೌಕರಿಯವರು, ವ್ಯಾಪಾರಿಗಳು, ಒಕ್ಕಲಿಗರು ತಮ್ಮ ಮುಪ್ಪಿನ ಏರ್ಪಾಡನ್ನು ಬಹುಮಟ್ಟಿಗೆ ತಾವೇ ಮಾಡಿಕೊಳ್ಳಬೇಕು. ತಂದೆಯ ಕಾಲದ ನಿಶ್ಚಿಂತೆ ಮಗನಿಗೂ ತಾನಾಗಿಯೇ ಬರುವುದೆಂದು ತಿಳಿಯುವುದು ಭ್ರಮೆ.

ಉಳಿತಾಯದಲ್ಲಿ ಮೊತ್ತಕ್ಕಿಂತ ಕಾಲವು ಬಲವಾದುದು. ಇಪ್ಪತ್ತೈದನೆಯ ವಯಸ್ಸಿನಿಂದ ವರ್ಷಕ್ಕೆ 12,000 ರೂಪಾಯಿಯಂತೆ ಮೂವತ್ತು ವರ್ಷ ಇಟ್ಟವನ ಗಂಟು ನೂರಕ್ಕೆ 7ರ ಚಕ್ರಬಡ್ಡಿಯಲ್ಲಿ ಸುಮಾರು 11 ಲಕ್ಷ 33 ಸಾವಿರವಾಗುತ್ತದೆ. ಮೂವತ್ತೈದರಲ್ಲಿ ಆರಂಭಿಸಿ ಇಪ್ಪತ್ತು ವರ್ಷ ಇಟ್ಟವನಿಗೆ ದೊರೆಯುವುದು ಸುಮಾರು 4 ಲಕ್ಷ 92 ಸಾವಿರ ಮಾತ್ರ. ಕಟ್ಟಿದ ಹಣದಲ್ಲಿ ವ್ಯತ್ಯಾಸ 1 ಲಕ್ಷ 20 ಸಾವಿರ. ಫಲದಲ್ಲಿ ವ್ಯತ್ಯಾಸ 6 ಲಕ್ಷಕ್ಕೂ ಮಿಗಿಲು.

ಬೇಗ ಇಮ್ಮಡಿಯಾಗುವುದೆಂಬ ಆಮಿಷದ ವಿಷಯದಲ್ಲಿ ಎಚ್ಚರವಿರಬೇಕು. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ 1962ರಿಂದ ವಿಮೆಯುಂಟು. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ದೊರೆಯುವ ಈ ರಕ್ಷಣೆಯನ್ನು 2020ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ನಾಲ್ಕಾಣೆ ಹೆಚ್ಚಿನ ಬಡ್ಡಿಗಾಗಿ ಇಡೀ ಗಂಟನ್ನು ಒಂದೆಡೆ ಇಡುವವರು ಈ ಭೇದವನ್ನು ಅರಿತಿರಬೇಕು.

ಹೇಳುವ ರೀತಿಯೂ ಮುಖ್ಯ. ಬೆಳೆದ ಮಕ್ಕಳಿಗೆ ಆಜ್ಞೆ ರುಚಿಸದು. ಮನೆಯ ಲೆಕ್ಕದ ಪುಸ್ತಕವನ್ನೇ ಅವರ ಮುಂದೆ ತೆರೆದು, ಸಾಲ ಹೇಗೆ ಆಯಿತು, ಎಷ್ಟು ವರ್ಷಗಳಲ್ಲಿ ತೀರಿತು, ಮದುವೆಯ ಆಡಂಬರಕ್ಕೆ ತೆತ್ತ ಬೆಲೆಯೆಷ್ಟು ಎಂಬುದನ್ನು ತೋರಿಸಿದರೆ, ನೂರು ಉಪದೇಶಗಳ ಕೆಲಸವನ್ನು ಆ ಪುಟಗಳೇ ಮಾಡುತ್ತವೆ. ಸೊಸೆಯನ್ನೂ ಮಗಳನ್ನೂ ಈ ಮಾತಿನಿಂದ ಹೊರಗಿಡಬಾರದು. ಗಂಡನ ಗಳಿಕೆಯ ಮೇರೆಯನ್ನು ತಿದ್ದಿದವಳು ಲಕ್ಕಮ್ಮನೇ ಅಲ್ಲವೆ!

ಕೊನೆಯದಾಗಿ, ವಾತ್ಸಲ್ಯದ ಭರದಲ್ಲಿ ಇದ್ದುದೆಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು ಬರಿಗೈಯಾಗುವುದು ಹಿರಿಯರಿಗೆ ತರವಲ್ಲ. ಪೋಷಿಸುವ ಷರತ್ತಿನ ಮೇಲೆ ಆಸ್ತಿ ಪಡೆದವರು ಪೋಷಿಸದಿದ್ದರೆ ಆ ಪತ್ರವನ್ನು ರದ್ದುಗೊಳಿಸಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವುಂಟು. ಆದರೆ ತಂದೆತಾಯಿಗಳು ಮಕ್ಕಳ ಮೇಲೆ ದಾವೆ ಹೂಡುವ ದಿನ ಬಾರದಿರುವುದೇ ಲೇಸು. ತಮ್ಮ ಜೀವನಕ್ಕೆ ಬೇಕಾದುದನ್ನು ಉಳಿಸಿಕೊಂಡ ಹಿರಿಯರು ಮಕ್ಕಳ ಹೊರೆಯನ್ನೂ ಇಳಿಸುತ್ತಾರೆ.

ಮಕ್ಕಳಿಗೆ ಬಿಟ್ಟುಹೋಗುವ ಗಂಟು ಕರಗಬಹುದು. ದುಡಿದು, ಹಂಚಿ, ಮಿತವಾಗಿ ಉಳಿಸುವ ನಡೆ ಕರಗದು. ಆ ನಡೆಯನ್ನು ಕಲಿಸಿದ ಮನೆಯಲ್ಲಿ ದಾಸೋಹವೂ ನಿಲ್ಲದು, ಮುಪ್ಪೂ ದೈನ್ಯವಾಗದು.