ದೋಣಿಗೆ ವ್ಯಾಕ್ಸ್ ಕೊಳ್ಳುವ ಮುನ್ನ

ಅಳಿಯಾ, ಹೊಸ ಫೈಬರ್ ದೋಣಿ ತಂದಿದ್ದೀಯ. ಅದರ ಮೈ ಕಾಪಾಡಲು ಯಾವ ವ್ಯಾಕ್ಸ್ ತರಲಿ, ಯಾವ ಪಾಲಿಷ್ ತರಲಿ ಎಂದು ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು. ಗಂಗೊಳ್ಳಿ ದಕ್ಕೆಯ ಉದ್ದಕ್ಕೂ ನಡೆದು ನೋಡು, ನಾಲ್ಕೇ ವರ್ಷಕ್ಕೆ ಬಣ್ಣಗೆಟ್ಟು ಸುಣ್ಣ ಬಳಿದ ಹಾಗಾದ ದೋಣಿಗಳು ಎಷ್ಟೋ ಸಿಗುತ್ತವೆ. ದುಡ್ಡು ಖರ್ಚು ಮಾಡದೆ ಹಾಗಾದವು ಕೆಲವು. ತಪ್ಪು ಡಬ್ಬಿಗೆ ದುಡ್ಡು ಸುರಿದು ಹಾಗಾದವೂ ಇವೆ.

ನಮ್ಮ ಹಿರಿಯರು ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು, ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಮರ ಎಣ್ಣೆಯನ್ನು ಕುಡಿಯುತ್ತದೆ. ಕುಡಿದ ಎಣ್ಣೆ ಒಳಗೆ ಉಳಿದು ನೀರನ್ನೂ ಮರ ಕೊರೆಯುವ ಹುಳವನ್ನೂ ತಡೆಯುತ್ತಿತ್ತು. ಆ ಅಭ್ಯಾಸದಲ್ಲಿ ಫೈಬರಿಗೂ ಎಣ್ಣೆ ಒರೆಸುವವರನ್ನು ಕಂಡಿದ್ದೇನೆ. ಫೈಬರ್ ಮರದಂತೆ ಎಣ್ಣೆ ಕುಡಿಯುವುದಿಲ್ಲ. ಮೇಲೆ ಉಳಿದ ಎಣ್ಣೆ ಎರಡು ದಿನ ಮಿಂಚಿ, ಆಮೇಲೆ ಧೂಳು ಹಿಡಿದು ಅಂಟಂಟಾಗುತ್ತದೆ.

ನಿನ್ನ ದೋಣಿಯ ಹೊರಗಿನ ಬಣ್ಣ ಬ್ರಷ್ಷಿನಲ್ಲಿ ಹೊಡೆದ ಪೇಂಟ್ ಅಲ್ಲ. ಅದಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ರಾಳ ಬಳಿದು, ಅದರ ಮೇಲೆ ಗಾಜಿನ ನಾರನ್ನು ಪದರ ಪದರವಾಗಿ ಕೂರಿಸಿ ದೋಣಿ ಮಾಡುತ್ತಾರೆ. ಆ ರಾಳದ ಪದರ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಒಳಗಿನ ನಾರಿಗೆ ನೀರು ಇಳಿಯದಂತೆ ಕಾಯುವುದು ಅದೇ. ಅದಕ್ಕೆ ಮುಖ್ಯ ಶತ್ರು ಉಪ್ಪುನೀರು ಎಂದು ಎಲ್ಲರೂ ತಿಳಿದಿದ್ದಾರೆ, ಆದರೆ ಅದನ್ನು ಹೆಚ್ಚು ತಿನ್ನುವುದು ಬಿಸಿಲು. ಬಿಸಿಲಿನ ನೇರಳಾತೀತ ಕಿರಣ ರಾಳವನ್ನು ಒಡೆಯುತ್ತದೆ, ಹಿಡಿತ ತಪ್ಪಿದ ಬಣ್ಣದ ಕಣ ಬಿಳಿ ಹುಡಿಯಾಗಿ ಮೇಲೆ ಬರುತ್ತದೆ. ಕಪ್ಪು ಬಟ್ಟೆಯಿಂದ ಉಜ್ಜಿ ನೋಡಿದರೆ ಹುಡಿ ಹತ್ತುತ್ತದೆ. ನೀಲಿ, ಕೆಂಪು ದೋಣಿಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಬಿಳಿ ದೋಣಿಯಲ್ಲಿ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಹಾನಿ ಆಳಕ್ಕೆ ಹೋಗಿರುತ್ತದೆ.

ಈಗ ನೀನು ಕೇಳಿದ ಎರಡು ಡಬ್ಬಿಗಳ ವಿಷಯ. ಪಾಲಿಷ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಷ್‌ನಲ್ಲಿ, ಅದಕ್ಕಿಂತ ಒರಟಾದ ರಬ್ಬಿಂಗ್ ಕಾಂಪೌಂಡ್‌ನಲ್ಲಿ ಇರುವುದು ನುಣ್ಣನೆಯ ಉಜ್ಜುಹುಡಿ. ಅದು ಸತ್ತ ಮೇಲ್ಪದರವನ್ನು ತೇಯ್ದು ತೆಗೆದು ಕೆಳಗಿನ ಗಟ್ಟಿ ಪದರವನ್ನು ತೋರಿಸುತ್ತದೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ತೆಳು ಹೊದಿಕೆ ಹಾಕುತ್ತದೆ. ಅಂದರೆ ಪಾಲಿಷ್ ಮಾಡಿದಷ್ಟು ಸಲ ನಿನ್ನ ಅರ್ಧ ಮಿಲಿಮೀಟರಿನಲ್ಲಿ ಒಂದಿಷ್ಟು ಹೋಗುತ್ತದೆ. ಬಂದರಿನ ಹುಡುಗರು ಹೊಳಪು ನೋಡಲು ವರ್ಷಕ್ಕೆ ಮೂರು ಸಲ ಮೆಷಿನ್ ಹಿಡಿದು ಕಾಂಪೌಂಡ್ ಉಜ್ಜುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊನೆಗೆ ಜೆಲ್‌ಕೋಟ್ ಸವೆದು ಒಳಗಿನ ನಾರಿನ ಗೆರೆ ಕಾಣತೊಡಗುತ್ತದೆ. ಹಾಗಾದ ಮೇಲೆ ಯಾವ ಡಬ್ಬಿಯೂ ಉಪಯೋಗಕ್ಕಿಲ್ಲ, ಪೂರ್ತಿ ಬಣ್ಣ ಹೊಡೆಸಬೇಕು. ನಿನ್ನದು ಹೊಸ ದೋಣಿ. ಅದಕ್ಕೆ ಪಾಲಿಷ್ ಬೇಡವೇ ಬೇಡ, ವ್ಯಾಕ್ಸ್ ಮಾತ್ರ ಸಾಕು. ಮುಂದೆಂದಾದರೂ ಹುಡಿ ಬಂದರೆ ಮೊದಲು ಆ ಜಾಗಕ್ಕೆ ನೀರು ಹಾಕಿ ನೋಡು. ಒದ್ದೆಯಾದಾಗ ಹಳೆಯ ಬಣ್ಣ ಮರಳಿ ಕಂಡರೆ ನುಣ್ಣನೆ ಪಾಲಿಷ್ ಒಂದು ಸಲ ಸಾಕು. ಒದ್ದೆಯಾದರೂ ಮಂಕಾಗಿಯೇ ಇದ್ದರೆ ಆಗ ಕಾಂಪೌಂಡ್. ಅದನ್ನೂ ಮೆಲ್ಲಗೆ, ಮೆಷಿನ್ನನ್ನು ಒಂದೇ ಕಡೆ ನಿಲ್ಲಿಸದೆ ಮಾಡು. ನಿಂತಲ್ಲಿ ಬಿಸಿಯಾಗಿ ಜೆಲ್‌ಕೋಟ್ ಸುಡುತ್ತದೆ.

ವ್ಯಾಕ್ಸ್‌ಗಳಲ್ಲಿ ಯಾವುದು? ಕಾರ್ನೌಬಾ ಎಂಬ ಹೆಸರು ಡಬ್ಬಿಯ ಮೇಲೆ ಓದಿರುತ್ತೀಯ. ಅದು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಯ ಮೇಣ, ಮೇಣಗಳಲ್ಲೆಲ್ಲ ಗಟ್ಟಿಯಾದವುಗಳಲ್ಲಿ ಒಂದು. ಕರಗಬೇಕಾದರೆ 80 ಡಿಗ್ರಿ ದಾಟಬೇಕು. ಒಳ್ಳೆಯ ಹೊಳಪು ಕೊಡುತ್ತದೆ, ಹಚ್ಚುವುದೂ ಸುಲಭ, ಆದರೆ ನಮ್ಮ ಬಿಸಿಲು ಮತ್ತು ಉಪ್ಪಿನಲ್ಲಿ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಪಾಲಿಮರ್ ಸೀಲೆಂಟ್ ಎಂದು ಬರುವುದು ಕಾರ್ಖಾನೆಯಲ್ಲಿ ಮಾಡಿದ ಹೊದಿಕೆ, ಸ್ವಲ್ಪ ಹೆಚ್ಚು ದಿನ ಬಾಳುತ್ತದೆ. ಈಚೆಗೆ ಬಂದಿರುವ ಸೆರಾಮಿಕ್ ಕೋಟಿಂಗ್ ಇವೆರಡಕ್ಕಿಂತ ಗಟ್ಟಿ. ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಸ್ಪೀಡ್‌ಬೋಟ್‌ಗೆ ಅದು ಸರಿ. ನಿನ್ನ ಕೆಲಸದ ದೋಣಿಗೆ ಬೇಡ ಎನ್ನುತ್ತೇನೆ. ದಿನಾ ಬಲೆ ಎಳೆಯುವ ಅಂಚು, ಹಗ್ಗ ಉಜ್ಜುವ ಮೂತಿ, ಪಕ್ಕದ ದೋಣಿಗೆ ತಾಗುವ ಬದಿ, ಇಲ್ಲೆಲ್ಲ ಯಾವ ಹೊದಿಕೆಯಾದರೂ ಸವೆಯಲೇಬೇಕು. ಸವೆದ ಜಾಗಕ್ಕೆ ಮಾತ್ರ ಸೆರಾಮಿಕ್ ಮತ್ತೆ ಹಚ್ಚುವುದು ರಗಳೆ, ವ್ಯಾಕ್ಸ್ ಆದರೆ ಅರ್ಧ ಗಂಟೆಯ ಕೆಲಸ.

ಹಾಗಾಗಿ ನನ್ನ ಆಯ್ಕೆ ಹೇಳುತ್ತೇನೆ: ದೋಣಿಗೆಂದೇ ಮಾಡಿದ, ನೇರಳಾತೀತ ಕಿರಣ ತಡೆಯುವ ಅಂಶ ಸೇರಿಸಿದ, ಉಜ್ಜುಹುಡಿ ಇಲ್ಲದ ಪೇಸ್ಟ್ ವ್ಯಾಕ್ಸ್. ಕಾರಿನ ವ್ಯಾಕ್ಸ್ ಅಗ್ಗಕ್ಕೆ ಸಿಗುತ್ತದೆ ನಿಜ. ಅದು ಕಾರಿನ ನುಣುಪು ಪೇಂಟಿಗೆ ಮಾಡಿದ್ದು. ಸೂಕ್ಷ್ಮ ರಂಧ್ರಗಳಿರುವ ಜೆಲ್‌ಕೋಟ್ ಮೇಲೆ, ಉಪ್ಪುನೀರಿನ ನಡುವೆ ಅದು ನಿಲ್ಲುವುದು ಕಡಿಮೆ. ಡಬ್ಬಿಯಲ್ಲಿ ಸಿಲಿಕೋನ್ ಇದೆಯೇ ಎಂದೂ ಓದು. ಸಿಲಿಕೋನ್ ಒಮ್ಮೆ ಹತ್ತಿದ ಜಾಗಕ್ಕೆ ಮುಂದೆ ರಿಪೇರಿ ಮಾಡಿ ಬಣ್ಣ ಹೊಡೆದರೆ ಬಣ್ಣ ಹಿಡಿಯದೆ ಸಣ್ಣ ಸಣ್ಣ ಕುಳಿ ಏಳುತ್ತದೆ. ದೋಣಿ ಎಂದ ಮೇಲೆ ರಿಪೇರಿ ತಪ್ಪದು.

ಎಲ್ಲಿ ಹಚ್ಚಬಾರದು ಎಂಬುದನ್ನು ನೆನಪಿಡು. ಕಾಲಿಡುವ ಜಾಗಕ್ಕೆ ವ್ಯಾಕ್ಸ್ ತಾಗಿದರೆ ಅಲೆಯಲ್ಲಿ ಜಾರಿ ಬೀಳುತ್ತಾರೆ, ಇದು ಜೀವದ ಪ್ರಶ್ನೆ. ಮೀನು ತುಂಬುವ ಜಾಗಕ್ಕೆ ಬೇಡ. ಎಂಜಿನ್ನಿನ ಕೆಳಭಾಗದಲ್ಲಿ ತುಕ್ಕು ತಡೆಯಲು ಕೂರಿಸಿದ ಸತುವಿನ ತುಂಡಿಗೆ ಬೇಡ, ಅದು ಬರಿಮೈಯಲ್ಲಿ ನೀರಿಗೆ ತಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನೀರಿನ ಗೆರೆಯಿಂದ ಕೆಳಗೂ ಬೇಡ. ಅಲ್ಲಿ ಚಿಪ್ಪು, ಪಾಚಿ ಹತ್ತದಂತೆ ತಾಮ್ರದ ಅಂಶದ ಪೇಂಟ್ ಬಳಿಯುತ್ತೀಯಲ್ಲ, ವ್ಯಾಕ್ಸ್ ಇದ್ದರೆ ಅದು ನಿಲ್ಲುವುದಿಲ್ಲ. ಹೊಸ ದೋಣಿಯ ವಿಷಯದಲ್ಲಿ ಇನ್ನೊಂದಿದೆ. ಅಚ್ಚಿನಿಂದ ದೋಣಿ ಬಿಡಿಸಿಕೊಳ್ಳಲಿ ಎಂದು ಕಟ್ಟುವವರು ಅಚ್ಚಿಗೇ ವ್ಯಾಕ್ಸ್ ಬಳಿದಿರುತ್ತಾರೆ. ಅದರ ಪಸೆ ದೋಣಿಯ ಮೈಯಲ್ಲಿ ಉಳಿದಿರುತ್ತದೆ. ತಳಕ್ಕೆ ಪೇಂಟ್ ಬಳಿಯುವ ಮೊದಲು, ನೋಂದಣಿ ಸಂಖ್ಯೆ ಬರೆಸುವ ಮೊದಲು, ವ್ಯಾಕ್ಸ್ ತೆಗೆಯುವ ದ್ರಾವಣದಿಂದ ಆ ಜಾಗ ಒರೆಸಲೇಬೇಕು. ಒಂದೇ ಮಳೆಗಾಲಕ್ಕೆ ತಳದ ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಕಳಚಿತೆಂದು ಪೇಂಟ್ ಅಂಗಡಿಯವನನ್ನು ಬೈಯುವವರಲ್ಲಿ ಹಲವರು ಇದನ್ನು ಬಿಟ್ಟವರೇ. ಆ ದ್ರಾವಣಕ್ಕೆ ಬೆಂಕಿ ಬೇಗ ಹಿಡಿಯುತ್ತದೆ, ಬೀಡಿ ಸೇದುವವರನ್ನು ದೂರ ಇಡು.

ಹಚ್ಚುವ ದಿನ ಬೆಳಿಗ್ಗೆಯೇ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ತೊಳೆ, ಚೆನ್ನಾಗಿ ಒಣಗಲಿ. ನೆರಳಿನಲ್ಲಿ, ಕೈ ಇಟ್ಟರೆ ತಂಪಾಗಿರುವ ಮೈಗೆ ತೆಳ್ಳಗೆ ಹಚ್ಚು. ಬಿಸಿ ಮೈಗೆ ಹಚ್ಚಿದರೆ ಒರೆಸುವ ಮೊದಲೇ ಒಣಗಿ ಕಲೆ ಕೂರುತ್ತದೆ. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಒರೆಸುವ ಕೈ ನೋಯುತ್ತದೆ ಅಷ್ಟೆ. ಆಮೇಲೆ ಸಮುದ್ರದಿಂದ ಬಂದಾಗಲೆಲ್ಲ ಎರಡು ಕೊಡ ಸಿಹಿನೀರು ಹಾಕು. ಪಾತ್ರೆ ತಿಕ್ಕುವ ಖಾರದ ಸೋಪು, ಬ್ಲೀಚಿಂಗ್ ಹುಡಿ ತಾಗಿಸಬೇಡ, ಅವು ವ್ಯಾಕ್ಸ್ ಅನ್ನೇ ಎತ್ತಿಬಿಡುತ್ತವೆ. ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತಿದ್ದರೆ ವ್ಯಾಕ್ಸ್ ಇದೆ, ಮೈಗೆ ಹರಡಿ ನಿಂತರೆ ಮುಗಿದಿದೆ. ಮುಂದೆ ಪಾಲಿಷ್ ಮಾಡುವ ದಿನ ಬಂದರೆ ಉಜ್ಜಿದ ಕೆಸರನ್ನು ಹೊಳೆಗೆ ತೊಳೆದುಬಿಡಬೇಡ, ಬಟ್ಟೆಯಲ್ಲಿ ಒರೆಸಿ ತೆಗೆ. ಪಂಚಗಂಗಾವಳಿಯ ಅದೇ ನೀರಿಗಿಳಿದು ನಮ್ಮ ಹೆಂಗಸರು ಮರುವಾಯಿ ಚಿಪ್ಪು ಹೆಕ್ಕುತ್ತಾರೆ.

ವರ್ಷಕ್ಕೆ ಎರಡು ಸಲ ಹಚ್ಚಿದರೆ ನಿನ್ನ ದೋಣಿಗೆ ಸಾಕು, ಮಳೆ ಕಳೆದು ಮೈ ಒಣಗಿದ ಮೇಲೊಮ್ಮೆ, ಮೇ ತಿಂಗಳಲ್ಲೊಮ್ಮೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ರಜೆ ಇರುವಾಗ ಮಾಡೋಣ ಎಂದುಕೊಂಡರೆ ಆ ಮಳೆಯಲ್ಲಿ ಮೈ ಒಣಗುವುದೇ ಇಲ್ಲ. ದೋಣಿ ದಡದಲ್ಲಿರುವಷ್ಟು ದಿನ ಗಾಳಿಯಾಡುವಂತೆ ಮೇಲೊಂದು ಮಡಲಿನ ಚಪ್ಪರ ಹಾಕು. ಬಿಸಿಲು ತಡೆಯುವುದರಲ್ಲಿ ಯಾವ ದುಬಾರಿ ಡಬ್ಬಿಯೂ ಅದಕ್ಕೆ ಸಮವಲ್ಲ. ಮುಂದಿನ ವಾರ ಕುಂದಾಪುರಕ್ಕೆ ಹೋದಾಗ ಒಂದೇ ಡಬ್ಬಿ ಪೇಸ್ಟ್ ವ್ಯಾಕ್ಸ್ ತಾ, ನಾಲ್ಕು ಮೆತ್ತನೆ ಬಟ್ಟೆ ತಾ, ಕಾಂಪೌಂಡ್ ತರಬೇಡ.