ಹುಡುಕಿದವರಿಗೆ ಸಿಗಲಿ

ಮಗಳೇ, ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿದ್ದೀಯ ಎಂದು ಕೇಳಿ ಬಹಳ ಸಂತೋಷವಾಯಿತು. ಒಂದು ಮಾತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೋ. ಪುಟಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಬೇಕಾದವರು ಹುಡುಕಿದಾಗ ಸಿಕ್ಕರೆ ಉಳಿದರ್ಧ.

ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನೇ ತೆಗೆದುಕೋ. 1902ರಲ್ಲಿ ಅಚ್ಚಾದ ಅದರ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ 176ನೇ ಶಾಸನವಾಗಿ ತಾಳಗುಂದದ ಕಂಬದ ಶಾಸನವಿದೆ. ಕದಂಬರ ಮಯೂರಶರ್ಮನ ಕಥೆ ನಮಗೆ ತಿಳಿದದ್ದು ಮುಖ್ಯವಾಗಿ ಅದರಿಂದಲೇ. ತಾಳಗುಂದದ ಶಾಲಾ ಹುಡುಗನೊಬ್ಬ ಅದನ್ನು ಓದಬೇಕೆಂದರೆ ಮೊಬೈಲಿನಲ್ಲಿ ತನ್ನೂರ ಹೆಸರು ಹಾಕುತ್ತಾನೆ, ಇಲ್ಲವೇ ಮಯೂರ ಎನ್ನುತ್ತಾನೆ, ಅದೂ ಕನ್ನಡದಲ್ಲಿ. ಪುಸ್ತಕದ ಹೆಸರು, ಸಂಪುಟದ ಸಂಖ್ಯೆ ಅವನಿಗೇನು ಗೊತ್ತು? ನೀನು ಇಂಗ್ಲಿಷಿನಲ್ಲಿ ಅವೆರಡನ್ನೇ ಬರೆದು ಬಿಟ್ಟರೆ ಆ ಶಾಸನ ಅವನ ಪಾಲಿಗೆ ಇಲ್ಲದಂತೆಯೇ.

ಹಾಗಾಗಿ ವಿವರ ತುಂಬುವಾಗ ಅವಸರ ಮಾಡಬೇಡ. ಶೀರ್ಷಿಕೆ, ಸಂಪಾದಕರು, ವರ್ಷ ಎರಡು ಭಾಷೆಯಲ್ಲೂ ಇರಲಿ. ಒಳಗೆ ಬರುವ ತಾಲ್ಲೂಕು, ಊರು, ಅರಸರ ಹೆಸರುಗಳನ್ನೂ ಸೇರಿಸು. ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಶಿಮೋಗಾ ಎಂದಿದ್ದರೆ ಅದನ್ನು ಅಳಿಸದೆ, ಪಕ್ಕದಲ್ಲಿ ಶಿವಮೊಗ್ಗ ಎಂದೂ ಬರೆ.

ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ಮಾಡಿಸಿದರೆ ಮಾತ್ರ ಒಳಗಿನ ಪದಗಳು ಹುಡುಕಾಟಕ್ಕೆ ಸಿಗುತ್ತವೆ. ಹಳೆಯ ಅಚ್ಚು, ಮಸುಕಾದ ಒತ್ತಕ್ಷರ ಕಂಡಲ್ಲಿ ಅದು ತಪ್ಪುತ್ತದೆ. ಅಷ್ಟನ್ನೂ ನೀನೊಬ್ಬಳೇ ತಿದ್ದಲಾರೆ, ಓದುಗರನ್ನು ಜೊತೆಗೆ ಸೇರಿಸಿಕೋ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹಳೆಯ ಪತ್ರಿಕೆಗಳ ಸಾಲುಸಾಲನ್ನೂ ಸಾರ್ವಜನಿಕರೇ ತಿದ್ದುತ್ತಾರೆ. ನಮ್ಮ ಕನ್ನಡ ವಿಕಿಸೋರ್ಸ್‌ನಲ್ಲೂ ಇಂಥ ಕೆಲಸ ನಡೆಯುತ್ತಿದೆ. ತಿದ್ದಿದ್ದು ಯೂನಿಕೋಡ್‌ನಲ್ಲೇ ಉಳಿಯಲಿ.

ಇನ್ನೆರಡು ಮಾತು. ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದರೆ ಹಾಗೆಂದು ಸ್ಪಷ್ಟವಾಗಿ ನಮೂದಿಸು, ಬಳಸುವವರು ಹಿಂಜರಿಯುವುದಿಲ್ಲ. ಒಮ್ಮೆ ಕೊಟ್ಟ ಕೊಂಡಿಯನ್ನು ಬದಲಾಯಿಸಬೇಡ. ಅದನ್ನು ನಂಬಿ ಯಾರೋ ವಿಕಿಪೀಡಿಯದಲ್ಲಿ, ಯಾರೋ ಸಂಶೋಧನಾ ಪ್ರಬಂಧದಲ್ಲಿ ಉಲ್ಲೇಖಿಸಿರುತ್ತಾರೆ.

ದಿನಕ್ಕೆ ಎಷ್ಟು ಪುಟ ಆಯಿತೆಂದು ಮೇಲಿನವರು ಕೇಳಿಯೇ ಕೇಳುತ್ತಾರೆ. ಪುಟ ನಾಲ್ಕು ಕಡಿಮೆಯಾದರೂ ಚಿಂತೆಯಿಲ್ಲ, ವಿವರ ಬಿಡಬೇಡ. ಏರಿಸಿದ ಪುಸ್ತಕ ಜಾಲತಾಣದ ಹುಡುಕಾಟಕ್ಕೆ ಸೇರಿದ ಮೇಲೆ, ಅದರಲ್ಲಿರುವ ಯಾವುದಾದರೂ ಊರಿನ ಹೆಸರನ್ನು ಕನ್ನಡದಲ್ಲಿ ಹಾಕಿ ನೀನೇ ಹುಡುಕು. ಸಿಗದಿದ್ದರೆ ವಿವರದಲ್ಲಿ ಏನು ಬಿಟ್ಟುಹೋಗಿದೆ ನೋಡಿ ಸೇರಿಸು.