ಮರದ ಮೇಲಿನ ಅಡಿಕೆ, ನೆಲದೊಳಗಿನ ಎಣ್ಣೆ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇಷ್ಟೇ, ಮಗಳೇ: "ದೊಡ್ಡಪ್ಪ, ಕ್ರೂಡ್ ಏರ್ತಾ ಇದೆಯಂತೆ, ಆಯಿಲ್ ಷೇರು ತಗೊಳ್ಳಲಾ?" ಯಾವ ಆಯಿಲ್ ಷೇರು ಅಂತ ನಾನು ಕೇಳಿದೆ. "ಎಲ್ಲಾ ಒಂದೇ ಅಲ್ವಾ?" ಅಂದುಬಿಟ್ಟೆ. ಅದಕ್ಕೇ ಇದನ್ನು ಬರೆಯಲು ಕೂತೆ. ಮೂವತ್ತೊಂದು ವರ್ಷ ಒಂದು ತೈಲ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಸವೆದವನು ನಾನು. ಬಾವಿ ಕೊರೆದವನಲ್ಲ, ಬಾವಿಯ ಖರ್ಚು ಬರೆದವನು. ಅಷ್ಟರಮಟ್ಟಿಗೆ ಹೇಳಬಲ್ಲೆ.

ನೆಲದಿಂದ ಎಣ್ಣೆ ತೆಗೆಯುವ ಕಸುಬಿಗೆ ಅಪ್‌ಸ್ಟ್ರೀಮ್ ಅನ್ನುತ್ತಾರೆ. ಓಎನ್‌ಜಿಸಿ, ಆಯಿಲ್ ಇಂಡಿಯಾ ಅಲ್ಲಿವೆ. ಸಂಸ್ಕರಿಸಿ ಬಂಕಿಗೆ ತಂದು ಮಾರುವುದು ಡೌನ್‌ಸ್ಟ್ರೀಮ್. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಆ ಸಾಲಿನವು. ನಡುವೆ ಪೈಪಿನಲ್ಲಿ ಸಾಗಿಸುವ ಗೇಲ್‌ನಂಥದ್ದು ಮಿಡ್‌ಸ್ಟ್ರೀಮ್. ಕ್ರೂಡ್ ಏರಿದಾಗ ಮೊದಲನೆಯವರು ಮಾರುವವರು, ಎರಡನೆಯವರು ಕೊಳ್ಳುವವರು. ಅಡಿಕೆ ಧಾರಣೆ ಏರಿದ ದಿನ ತೋಟದವನೂ ಬೀಡಾ ಅಂಗಡಿಯವನೂ ಒಟ್ಟಿಗೆ ನಕ್ಕದ್ದನ್ನು ನೀನು ಕಂಡಿದ್ದೀಯಾ?

ಹಾಗಂತ ಮಾರುವವನಿಗೆ ಏರಿದ್ದೆಲ್ಲ ಲಾಭ ಅಂದುಕೊಳ್ಳಬೇಡ. 2022ರಲ್ಲಿ ಉಕ್ರೇನ್ ಯುದ್ಧದಿಂದ ಕ್ರೂಡ್ ನೂರು ಡಾಲರ್ ದಾಟಿದಾಗ ಸರ್ಕಾರ ಜುಲೈ 1ರಿಂದ ದೇಶದೊಳಗೆ ತೆಗೆದ ಕ್ರೂಡ್ ಮೇಲೆ ಟನ್ನಿಗೆ ₹23,250 ವಿಂಡ್‌ಫಾಲ್ ತೆರಿಗೆ, ಅಂದರೆ ಅನಾಯಾಸವಾಗಿ ಬಂದ ಲಾಭದ ಮೇಲಿನ ತೆರಿಗೆ, ಹಾಕಿತು. ಟನ್ನಿಗೆ ಸುಮಾರು 7.3 ಬ್ಯಾರೆಲ್, ಬ್ಯಾರೆಲ್ಲಿಗೆ 159 ಲೀಟರ್. ಭಾಗಿಸಿ ನೋಡು, ಆಗಿನ ಡಾಲರ್ ಲೆಕ್ಕದಲ್ಲಿ ಬ್ಯಾರೆಲ್ಲಿಗೆ ನಲವತ್ತು ಡಾಲರ್ ಹತ್ತಿರ ಅಲ್ಲೇ ಹೋಯಿತು. ಆ ತೆರಿಗೆ ಏರುತ್ತಾ ಇಳಿಯುತ್ತಾ ಇದ್ದು 2024ರ ಡಿಸೆಂಬರಿನಲ್ಲಿ ರದ್ದಾಯಿತು. ಟಿವಿಯ ಕೆಳಗೆ ಓಡುವ ಬೆಲೆ ಬೇರೆ, ಕಂಪನಿಯ ಕೈಗೆ ಸಿಗುವ 'ನೆಟ್ ರಿಯಲೈಸೇಷನ್' ಬೇರೆ. ನೀನು ಹುಡುಕಬೇಕಾದ್ದು ಎರಡನೆಯದನ್ನು.

ಇನ್ನು ರಿಫೈನರಿಯವರ ಬಾಯಲ್ಲಿ ಸದಾ ಇರುವ ಮಾತು ಜಿಆರ್‌ಎಂ, ಅಂದರೆ ಗ್ರಾಸ್ ರಿಫೈನಿಂಗ್ ಮಾರ್ಜಿನ್. ಒಂದು ಬ್ಯಾರೆಲ್ ಕ್ರೂಡ್‌ನಿಂದ ಹೊರಟ ಪೆಟ್ರೋಲ್, ಡೀಸೆಲ್, ನಾಫ್ತಾ ಎಲ್ಲದರ ಬೆಲೆ ಕೂಡಿ, ಕ್ರೂಡ್‌ಗೆ ಕೊಟ್ಟದ್ದನ್ನು ಕಳೆದರೆ ಉಳಿಯುವ ಡಾಲರ್. ಹೆಸರಿನಲ್ಲೇ 'ಗ್ರಾಸ್' ಇದೆ, ಗಮನಿಸು. ಸಂಬಳ, ಬಡ್ಡಿ ಇನ್ನೂ ಕಳೆದಿಲ್ಲ. ಜೊತೆಗೆ ಇನ್ವೆಂಟರಿ ಗೇನ್ ಅಂತ ಒಂದಿದೆ: ಅಗ್ಗದಲ್ಲಿ ಕೊಂಡು ಟ್ಯಾಂಕಿನಲ್ಲಿಟ್ಟ ಕ್ರೂಡ್, ಸಂಸ್ಕರಿಸುವ ಹೊತ್ತಿಗೆ ಬೆಲೆ ಏರಿ ತಂದುಕೊಟ್ಟ ಲಾಭ. ಅದು ಜಾಣತನದ ಗಳಿಕೆಯಲ್ಲ, ಬೆಲೆ ಇಳಿದ ತಿಂಗಳು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಜಿಆರ್‌ಎಂ ನಂಬಿ ಕೂತವರಿಗೆ 2022ರ ಏಪ್ರಿಲ್–ಜೂನ್ ಫಲಿತಾಂಶ ಒಳ್ಳೆಯ ಪಾಠ. ಇಂಡಿಯನ್ ಆಯಿಲ್‌ನ ಜಿಆರ್‌ಎಂ ಬ್ಯಾರೆಲ್ಲಿಗೆ 31.81 ಡಾಲರ್, ಹಿಂದೆಂದೂ ಕಾಣದ್ದು. ಕೊನೆಯ ಸಾಲಿನಲ್ಲಿ ಮಾತ್ರ ₹1,992 ಕೋಟಿ ನಷ್ಟ! ಒಂದು ಕೈ ಗಳಿಸಿದ್ದನ್ನು ಬಂಕಿನ ಕೈ ಕಳೆದಿತ್ತು. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ಸರ್ಕಾರದ ಹಿಡಿತದಿಂದ ಬಿಡುಗಡೆಯಾಗಿದ್ದವು, ಕಾಗದದ ಮೇಲೆ. ಆ ಏಪ್ರಿಲ್ ಮೊದಲ ವಾರದ ನಂತರ ಜೂನ್ ಮುಗಿಯುವವರೆಗೂ ಕಂಪನಿಗಳು ಬೆಲೆ ಏರಿಸಲೇ ಇಲ್ಲ. ಮೂರೂ ಸರ್ಕಾರಿ ಕಂಪನಿಗಳು ಸೇರಿ ಆ ಮೂರು ತಿಂಗಳಲ್ಲಿ ₹18,480 ಕೋಟಿ ಕಳೆದುಕೊಂಡವು. ಇನ್ನೊಂದು ತೊಡಕೂ ಇದೆ. ಓಎನ್‌ಜಿಸಿ ಕೊಂಡೆ ಅಂದರೆ ನೀನು ಬರೀ ಬಾವಿ ಕೊಂಡಂತಲ್ಲ. ಮಂಗಳೂರಿನ ಎಂಆರ್‌ಪಿಎಲ್ 2003ರಿಂದ, ಎಚ್‌ಪಿಸಿಎಲ್ 2018ರಿಂದ ಅದರ ಮಡಿಲಲ್ಲೇ ಇವೆ. ಫಲಿತಾಂಶದಲ್ಲಿ ಕಂಪನಿಯದ್ದಷ್ಟೇ ಲೆಕ್ಕವಾದ 'ಸ್ಟ್ಯಾಂಡ್‌ಅಲೋನ್', ಮಡಿಲಿನವನ್ನೂ ಕೂಡಿದ 'ಕನ್ಸಾಲಿಡೇಟೆಡ್' ಎರಡನ್ನೂ ತೆರೆದು ನೋಡು.

ಈಗ ನನ್ನ ದುಡ್ಡು ತಿಂದ ಪದಕ್ಕೆ ಬರುತ್ತೇನೆ: ರಿಸರ್ವ್.

ನಿನ್ನಜ್ಜನ ಕಾಲದಲ್ಲಿ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರ ತೋಟದೊಳಗೆ ಕತ್ತೆತ್ತಿಕೊಂಡು ಒಂದು ಸುತ್ತು ಬಂದು "ಇಷ್ಟು ಕ್ವಿಂಟಲ್ ಆಗ್ತದೆ" ಅನ್ನುತ್ತಿದ್ದ. ಅಜ್ಜ ಅವನನ್ನು ಕೂರಿಸಿ ಕಾಫಿ ಕೊಟ್ಟು ಕೇಳುತ್ತಿದ್ದ: "ಮರದ ಮೇಲೆ ಇರೋದಾ, ಗೊನೆ ಇಳಿದ ಮೇಲಿಂದಾ, ಬೇಯಿಸಿ ಒಣಗಿಸಿ ಮಂಡಿಗೆ ಹೋಗೋದಾ?" ತೈಲದಲ್ಲೂ ಇದೇ ಮೂರು. ನೆಲದೊಳಗೆ ಇರುವುದೆಲ್ಲ 'ಇನ್ ಪ್ಲೇಸ್'. ಅದರಲ್ಲಿ ಮೇಲೆ ತರಲಾಗುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು, ಆ ಪ್ರಮಾಣವೇ ರಿಕವರಿ ಫ್ಯಾಕ್ಟರ್. ಇಂದಿನ ಬೆಲೆಗೆ, ಇಂದಿನ ಯಂತ್ರಕ್ಕೆ ಲಾಭದಲ್ಲಿ ತೆಗೆಯಬಹುದಾದದ್ದಷ್ಟೇ ರಿಸರ್ವ್. ಹಾಗಾಗಿ ಬೆಲೆ ಕುಸಿದರೆ ನೆಲದೊಳಗಿನ ಎಣ್ಣೆ ಅಲ್ಲೇ ಇದ್ದರೂ ರಿಸರ್ವ್ ಕರಗುತ್ತದೆ. ಅದರಲ್ಲೂ ಮೆಟ್ಟಿಲುಗಳಿವೆ. 1ಪಿ ಅಂದರೆ ಅಷ್ಟಾದರೂ ಸಿಗುವ ಸಾಧ್ಯತೆ ಶೇ. 90, 2ಪಿ ಅಂದರೆ ಶೇ. 50, 3ಪಿ ಅಂದರೆ ಬರೀ ಶೇ. 10. ಪತ್ರಿಕಾ ಪ್ರಕಟಣೆಯಲ್ಲಿ ದಪ್ಪ ಅಕ್ಷರದಲ್ಲಿ ಯಾವುದನ್ನು ಹಾಕುತ್ತಾರೆ ಅನ್ನುವುದನ್ನು ನೀನೇ ಊಹಿಸು.

ದೊಡ್ಡವರೂ ಎಡವಿದ್ದಾರೆ. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ 'ಪ್ರೂವ್ಡ್', ಅಂದರೆ 1ಪಿ ಲೆಕ್ಕದಿಂದ 390 ಕೋಟಿ ಬ್ಯಾರೆಲ್ ಹೊರಗೆ ತೆಗೆಯಿತು, ಸುಮಾರು ಐದನೇ ಒಂದು ಪಾಲು. ಮಾರ್ಚ್‌ನಲ್ಲಿ ಅಧ್ಯಕ್ಷ ಫಿಲಿಪ್ ವಾಟ್ಸ್ ಕುರ್ಚಿ ಬಿಟ್ಟರು. ನಮ್ಮಲ್ಲಿ ಕೃಷ್ಣಾ-ಗೋದಾವರಿ ಕಣಿವೆಯ ಡಿ6 ಬ್ಲಾಕಿನಿಂದ ರಿಲಯನ್ಸ್ 2009ರಲ್ಲಿ ಅನಿಲ ತೆಗೆಯಲಾರಂಭಿಸಿತು. ದಿನಕ್ಕೆ 8 ಕೋಟಿ ಘನ ಮೀಟರ್ ಮುಟ್ಟುವ ಯೋಜನೆ. 2010ರಲ್ಲಿ 6 ಕೋಟಿ ದಾಟಿದ್ದೇ ತುದಿ, ಆಮೇಲೆ ಇಳಿಜಾರು. ಭೂಮಿಯ ಒಳಗನ್ನು ಯಾರೂ ನೋಡಿ ಬಂದಿಲ್ಲವಲ್ಲ.

ನನ್ನ ಕಥೆ ಇಷ್ಟು ದೊಡ್ಡದಲ್ಲ. ಹೆಸರು ಬೇಡ, ಒಂದು ಸಣ್ಣ ಕಂಪನಿ. ಬಾವಿಯಲ್ಲಿ "ಹೈಡ್ರೋಕಾರ್ಬನ್ ಶೋ" ಕಂಡಿದೆ ಅಂತ ಪ್ರಕಟಣೆ ಬಂತು. ಶೋ ಅಂದರೆ ಸುಳಿವು, ಕೊರೆದ ಕಲ್ಲಿನ ಪುಡಿಯಲ್ಲಿ ಎಣ್ಣೆಯ ಪಸೆ. ಅದು ಡಿಸ್ಕವರಿ ಅಲ್ಲ, ಕಮರ್ಷಿಯಲ್ ಡಿಸ್ಕವರಿಯಂತೂ ಅಲ್ಲವೇ ಅಲ್ಲ. ಇದನ್ನು ಹಗಲೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದ ನಾನೇ ಆಸೆಗೆ ಬಿದ್ದು ನಲವತ್ತು ಸಾವಿರ ಸುರಿದೆ. ಬಾವಿಗೆ ಸಿಮೆಂಟ್ ಹಾಕಿ ಮುಚ್ಚಿದರು. ನಿನ್ನ ದೊಡ್ಡಮ್ಮ ಇವತ್ತಿಗೂ ಆ ಷೇರನ್ನು "ನಿಮ್ಮ ಪಸೆ" ಅಂತಲೇ ಕರೆಯುತ್ತಾಳೆ.

ಅಳತೆಯ ಅಕ್ಷರಗಳಲ್ಲೂ ಒಂದು ಗುಂಡಿ ಇದೆ. ಈ ಉದ್ಯಮದಲ್ಲಿ ಒಂದು 'ಎಂ' ಅಂದರೆ ರೋಮನ್ ಲೆಕ್ಕದ ಸಾವಿರ, ಹತ್ತು ಲಕ್ಷಕ್ಕೆ 'ಎಂಎಂ'. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಎಂ ಬಿಟ್ಟು ಬರೆದು, ಒಂದಿಡೀ ಕ್ಷೇತ್ರದ ಉತ್ಪಾದನೆಯನ್ನು ಸಾವಿರ ಪಟ್ಟು ಕುಗ್ಗಿಸಿದ್ದೆ.

ಮುಂದಿನ ದಿನಾಂಕದ ಕ್ರೂಡ್‌ಗೆ ಇಂದೇ ಬೆಲೆ ಕಟ್ಟುವ ಫ್ಯೂಚರ್ಸ್ ಒಪ್ಪಂದಗಳ ಕಡೆ ಮಾತ್ರ ತಲೆ ಹಾಕಬೇಡ. ಷೇರು ಅಬ್ಬಬ್ಬಾ ಅಂದರೆ ಸೊನ್ನೆಗೆ ಇಳಿಯಬಹುದು. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕ್ರೂಡ್‌ನ ಮೇ ಒಪ್ಪಂದ ಮೈನಸ್ 37.63 ಡಾಲರಿಗೆ ಮುಗಿಯಿತು. ಕೋವಿಡ್‌ನಿಂದ ಬೇಡಿಕೆ ಸತ್ತಿತ್ತು, ಒಕ್ಲಹೋಮಾದ ಕುಷಿಂಗ್‌ನಲ್ಲಿ ತುಂಬಿಡಲು ಟ್ಯಾಂಕಿನಲ್ಲಿ ಜಾಗವಿರಲಿಲ್ಲ. ಲಾಕ್‌ಡೌನ್ ಕಾರಣಕ್ಕೆ ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಆ ದಿನಗಳಲ್ಲಿ ಸಂಜೆ ಐದಕ್ಕೇ ಮುಚ್ಚುತ್ತಿತ್ತು. ಕುಸಿತ ಆದದ್ದು ಅದರ ನಂತರ, ರಾತ್ರಿ. ಅಗ್ಗವಾಯಿತೆಂದು ಕೊಂಡವರು ಹೊರಬರಲಾಗದೆ ಬ್ಯಾರೆಲ್ಲಿಗೆ ಮೈನಸ್ ₹2,884ರಂತೆ ಲೆಕ್ಕ ಚುಕ್ತಾ ಮಾಡಬೇಕಾಯಿತು. ಅಂದಹಾಗೆ ನಮ್ಮ ರಿಫೈನರಿಗಳ ಖರೀದಿಯನ್ನು ಅಳೆಯುವುದು ಆ ಡಬ್ಲ್ಯುಟಿಐ ಅಲ್ಲ, ಒಮಾನ್-ದುಬೈ ಮತ್ತು ಬ್ರೆಂಟ್ ಬೆರೆಸಿದ 'ಇಂಡಿಯನ್ ಬಾಸ್ಕೆಟ್'.

ಗಣೇಶನ ಹಬ್ಬಕ್ಕೆ ಬರುತ್ತೀಯಲ್ಲ, ನಿನಗೆ ಬೇಕೆನಿಸಿದ ಕಂಪನಿಯ ವಾರ್ಷಿಕ ವರದಿಯಲ್ಲಿ ರಿಸರ್ವ್ ಕೋಷ್ಟಕ ಇರುವ ಪುಟಗಳನ್ನಾದರೂ ಪ್ರಿಂಟ್ ಹಾಕಿಸಿಕೊಂಡು ಬಾ. ಮೊಬೈಲಿನ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ಅಷ್ಟು ಹೊತ್ತಿಗೆ ನಿನ್ನಪ್ಪ ಖೇಣಿದಾರನನ್ನೂ ಕರೆಸಿರುತ್ತಾನೆ. ಅವನು ಕತ್ತೆತ್ತಿ ಕ್ವಿಂಟಲ್ ಹೇಳುವಾಗ ನೀನೂ ಪಕ್ಕದಲ್ಲಿ ನಿಂತಿರು.